ಮೊದಲನೇ ಬನ್ನು

ಫುಟ್‌ಬಾಲ್ ಮೈದಾನದ ಮೂರನೇ ಗೇಟಿನ ಪಕ್ಕ ಇಪ್ಪತ್ತೇಳು ವರ್ಷ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅದು ಓಟಿನ ಚೀಟಿಯಲ್ಲಿ ಮಾತ್ರ ಇತ್ತು. ಮೈದಾನಕ್ಕೆ ಬರುವವರಿಗೆಲ್ಲ ಅವಳು ಬನ್ನಮ್ಮ. ಗೋಲ್ ಕೀಪರ್‌ನಿಂದ ಹಿಡಿದು ಕಸ ಗುಡಿಸುವವನ ತನಕ ಎಲ್ಲರೂ ಹಾಗೇ ಕರೆದು ಕರೆದು, ಕೊನೆಗೆ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅವಳು ಮಾಡುತ್ತಿದ್ದದ್ದು ಒಂದೇ ಒಂದು ತಿಂಡಿ, ಮೊಟ್ಟೆ ಬನ್ನು. ಬನ್ನನ್ನು ಅಡ್ಡಕ್ಕೆ ಸೀಳಿ, ಬೆಣ್ಣೆ ಸವರಿ, ಕಾದ ಕಾವಲಿಯ ಮೇಲೆ ಮಗುಚಿ ಹಾಕೋದು. ಪಕ್ಕದಲ್ಲೇ ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸಿನಪುಡಿ ಸೇರಿಸಿದ ಮೊಟ್ಟೆ ಹುಯ್ಯೋದು. ಅಂಚು ಗರಿಗರಿಯಾಗುವ ಹೊತ್ತಿಗೆ ಮಡಿಸಿ ಬನ್ನಿನೊಳಗೆ ತುರುಕೋದು. ಒಂದು ಸಲಕ್ಕೆ ಹನ್ನೆರಡು. ಇದರಲ್ಲೇನು ದೊಡ್ಡಸ್ತಿಕೆ ಅಂತೀರಾ? ಏನೂ ಇಲ್ಲ. ದೊಡ್ಡಸ್ತಿಕೆ ಇದ್ದದ್ದು ಆಮೇಲಿನದರಲ್ಲಿ.

ಹನ್ನೆರಡು ಬನ್ನು ತಯಾರಾದ ಮೇಲೆ ಮೊದಲನೇದನ್ನು ಬನ್ನಮ್ಮ ತಾನೇ ತಿನ್ನುತ್ತಿದ್ದಳು. ಎಲ್ಲರ ಎದುರಿಗೆ. ಎರಡು ದೊಡ್ಡ ತುತ್ತು ಕಚ್ಚಿ, ಅವಸರವಿಲ್ಲದೆ ಅಗಿದು, ನುಂಗಿ, ಏಪ್ರನ್ನಿನ ತುದಿಯಲ್ಲಿ ಬಾಯಿ ಒರೆಸಿಕೊಂಡು "ಹ್ಞಾ, ಬನ್ನಿ!" ಅಂತ ಕೂಗಿದ ಮೇಲೇ ಸಾಲು ಮುಂದೆ ಜರುಗಬೇಕು. ಆಟ ಶುರುವಾಗಿ ಒಳಗೆ ಸೀಟಿ ಊದಿದರೂ ಅಷ್ಟೇ, ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ಗಂಟಲ ಮೇಲೆ. ಒಂದು ಪಂದ್ಯದ ದಿನ ಹದಿನೈದಿಪ್ಪತ್ತು ಕಾವಲಿ ಇಳಿಯುತ್ತಿತ್ತು ಅಂದಮೇಲೆ ಲೆಕ್ಕ ನೀವೇ ಹಾಕಿಕೊಳ್ಳಿ. "ಬನ್ನಮ್ಮ, ವ್ಯಾಪಾರದ ಲಾಭವೆಲ್ಲ ಸೊಂಟಕ್ಕೇ ಬಂತಲ್ಲ" ಅಂತ ಯಾರಾದರೂ ಕಿಚಾಯಿಸಿದರೆ, "ನಷ್ಟ ನಿನ್ನ ಹೊಟ್ಟೆಗೆ ಬರೋದಕ್ಕಿಂತ ಇದೇ ವಾಸಿ ಹೋಗೋ" ಅನ್ನುತ್ತಿದ್ದಳು.

ಈ ಪದ್ಧತಿ ಶುರುವಾದದ್ದು ಒಂದು ಅವಮಾನದಿಂದ. ಗಾಡಿ ಹಾಕಿದ ಎರಡನೇ ವರ್ಷ, ಬಿರುಬಿಸಿಲಿನ ದಿನ ಯಾರೋ ಕಡಿಮೆಗೆ ಕೊಟ್ಟರು ಅಂತ ಹಳೇ ಮೊಟ್ಟೆ ತಂದಳು. ಒಬ್ಬ ಬಸ್ ಡ್ರೈವರ್ ತಿಂದು ಮೂರು ದಿನ ಮಲಗಿದ. ಮುಂದಿನ ಪಂದ್ಯಕ್ಕೆ ಬಂದವನೇ ಗಾಡಿಗೆ ಕೈ ಅಪ್ಪಳಿಸಿ, "ಇದನ್ನ ನೀನು ತಿಂದಿದ್ಯೇನಮ್ಮ?" ಅಂತ ಕೇಳಿದ. ತಿಂದಿರಲಿಲ್ಲ. ನಾಲ್ಕು ಜನರ ಮುಂದೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಮನೆಗೆ ಬಂದು ಗಂಡನ ಮುಂದೆ ಅತ್ತಳು. ಗಂಡ ಅದೇ ಮೈದಾನದಲ್ಲಿ ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆಯುವ ಕೆಲಸದವನು, ಮಾತು ಕಡಿಮೆ. "ಇನ್ಮೇಲೆ ಮೊದಲು ನೀನು ತಿನ್ನು. ಕದ್ದುಮುಚ್ಚಿ ಅಲ್ಲ, ಎಲ್ಲರ ಎದುರಿಗೆ. ಬಾಯಿಗೆ ಹಿಡಿಸ್ತಾ, ಮಾರು. ಹಿಡಿಸಲಿಲ್ವಾ, ಹನ್ನೆರಡೂ ಕಸಕ್ಕೆ ಹಾಕು" ಅಂದ. ಆಮೇಲೆ ಇಪ್ಪತ್ತೈದು ವರ್ಷದಲ್ಲಿ ನಾಲ್ಕು ಸಲ ಅವಳು ಹನ್ನೆರಡನ್ನೂ ಕಸಕ್ಕೆ ಹಾಕಿದ್ದನ್ನು ಸಾಲಿನಲ್ಲಿದ್ದವರು ಕಣ್ಣಾರೆ ಕಂಡಿದ್ದರು. ಗಂಡ ಹೋಗಿ ಒಂಬತ್ತು ವರ್ಷ ಆಗಿತ್ತು. ಮಗಳು ಬಸ್ ಡಿಪೋದಲ್ಲಿ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದಳು. ಬನ್ನಮ್ಮನಿಗೆ ಹೊಲವಿಲ್ಲ, ಸ್ವಂತ ಮನೆಯಿಲ್ಲ, ಇದ್ದ ಆಸ್ತಿ ಅದೊಂದೇ. ಬನ್ನಮ್ಮ ತಿಂದಳು ಅಂದರೆ ಜನ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು.

ಆಮೇಲೆ ಮೈದಾನ ಹೊಸದಾಯಿತು. ಬಣ್ಣದ ಕುರ್ಚಿ, ಮಿಂಚುವ ಬೋರ್ಡು, ಕನ್ನಡಿ ಹಾಕಿದ ಕಕ್ಕಸು. ಒಳಗೆ ತಿಂಡಿ ಮಾರುವ ಹಕ್ಕು ಪೂರ್ತಿ ಒಂದೇ ಕಂಪನಿಗೆ ಹೋಯಿತು. ಐನೂರು ಹೆಜ್ಜೆಯೊಳಗೆ ತಳ್ಳುಗಾಡಿ ನಿಲ್ಲುವಂತಿಲ್ಲ. ಹೊರಗಿನ ತಿಂಡಿ ಒಳಗೆ ತರುವಂತಿಲ್ಲ. ಅಲ್ಲ ಕಣ್ರೀ, ಮನೆಯಿಂದ ಮಗುವಿಗೆ ಅಂತ ತಂದ ಬಾಳೆಹಣ್ಣನ್ನೂ ಗೇಟಿನಲ್ಲಿ ಕಿತ್ತುಕೊಂಡು ಡಬ್ಬಕ್ಕೆ ಎಸೆಯುತ್ತಾರಲ್ಲ, ಇದು ಯಾವ ಸೀಮೆ ನ್ಯಾಯ? ಬಾಂಬು ಅಂತ ಭಯವಾ? ಬಾಳೆಹಣ್ಣು ಸಿಡಿಯುತ್ತದಾ? ಭಯ ಇದ್ದದ್ದು ಹೊಟ್ಟೆ ತುಂಬಿದವರು ಒಳಗೆ ಬಂದುಬಿಡುತ್ತಾರಲ್ಲ ಅಂತ.

ಗಾಡಿ ಮನೆಯ ಮೆಟ್ಟಿಲ ಕೆಳಗೆ ಸೇರಿತು. ಕಾವಲಿ ಅಡುಗೆಮನೆಯ ಗೋಡೆಯ ಮೊಳೆಗೆ ಸೇರಿತು. ಪಂದ್ಯದ ದಿನ ಮೈದಾನದ ಕೇಕೆ ಎರಡು ಬೀದಿ ದಾಟಿ ಅವಳ ಕಿಟಕಿಗೆ ಬಂದಾಗಲೆಲ್ಲ ಅವಳು ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದಳು. ಮೂರು ತಿಂಗಳು ಹೀಗೇ ಕಳೆದ ಮೇಲೆ, ಒಂದು ಮಧ್ಯಾಹ್ನ ಕಂಪನಿಯ ಸೂಪರ್‌ವೈಸರ್ ಬಾಗಿಲು ತಟ್ಟಿದ. ನೀಟಾಗಿ ತಲೆ ಬಾಚಿಕೊಂಡ ಹುಡುಗ, ಕೊರಳಲ್ಲಿ ಫೋಟೋದ ಪಟ್ಟಿ.

"ಅಮ್ಮ, ಜನ ನಿಮ್ಮನ್ನೇ ಕೇಳ್ತಾರೆ. ಬನ್ನಮ್ಮನ ಬನ್ನು ಎಲ್ಲಿ, ಬನ್ನಮ್ಮನ ಬನ್ನು ಎಲ್ಲಿ ಅಂತ. ನೀವು ಒಳಗೆ ಬರಬೇಕು. ಮೂರನೇ ಕೌಂಟರ್ ನಿಮ್ಮದೇ. ಮೊದಲನೇ ಬನ್ನು ನೀವೇ ತಿನ್ನಬೇಕು, ಅದು ಮಾತ್ರ ತಪ್ಪಬಾರದು ಅಂತ ನಮ್ಮ ದೊಡ್ಡವರು ಹೇಳಿದಾರೆ."

ಬನ್ನಮ್ಮನ ಕಣ್ಣಲ್ಲಿ ನೀರೇ ಬಂತು. ಹುಡುಗನಿಗೆ ಎರಡು ಸಲ ಟೀ ಕೊಟ್ಟಳು. ಅವನು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಸಂಜೆ ಮಗಳು ಬಂದು ಕಾಗದ ನೋಡಿ, "ಪೂರ್ತಿ ಓದಿದ್ಯಾ ಅಮ್ಮ?" ಅಂತ ಹುಬ್ಬೇರಿಸಿದಳು.

"ಓದೋದೇನಿದೆಯೇ ಅದರಲ್ಲಿ? ಬನ್ನು ಅಂತಿದೆ. ಮೊದಲು ನಾನೇ ತಿನ್ನಬೇಕು ಅಂತಿದೆ."

"ಬೇಯಿಸೋದು ಯಾರು ಅಂತ ಎಲ್ಲಿದೆ?"

ಬನ್ನಮ್ಮ ನಕ್ಕುಬಿಟ್ಟಳು. ಅವಳು ಮಾಡಿದ ತಪ್ಪು ಅಂದರೆ ಅದೇ. ಒಬ್ಬರು ಬೇಯಿಸಿದ್ದಕ್ಕೆ ಇನ್ನೊಬ್ಬರು ಎಲ್ಲರ ಮುಂದೆ ಮೊದಲ ತುತ್ತು ತಿಂದು ಜವಾಬು ಕೊಡೋದು ಅಂತ ಒಂದು ಇರಬಹುದು ಅಂತ ಅವಳ ತಲೆಗೆ ಹೊಳೆಯಲೇ ಇಲ್ಲ.

ಮೊದಲ ದಿನ ಚೀಲದಲ್ಲಿ ಕಾವಲಿ ಹಾಕಿಕೊಂಡು ಹೋದಳು. ಗೇಟಿನಲ್ಲಿ ತಡೆದು ಕಾವಲಿ ಇಟ್ಟುಕೊಂಡು ಟೋಕನ್ ಕೊಟ್ಟರು. ಕೌಂಟರಿನಲ್ಲಿ ಒಲೆಯೇ ಇರಲಿಲ್ಲ. ಎಲ್ಲೋ ಊರಾಚೆ ಕಾರ್ಖಾನೆಯಲ್ಲಿ ಬೆಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡ ಬನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿತ್ತು. ಮೆಷಿನ್ನಿಗೆ ತಳ್ಳೋದು, ಕುಯ್ ಅಂದಾಗ ತೆಗೆಯೋದು. ಪ್ಲಾಸ್ಟಿಕ್ಕಿನ ಮೇಲೆ ಬನ್ನಮ್ಮನ ಮುಖ ಹಲ್ಲು ಬಿಟ್ಟುಕೊಂಡು ನಗುತ್ತಿತ್ತು. ಬೆಲೆ ಅವಳ ಗಾಡಿಯ ಬೆಲೆಯ ನಾಲ್ಕು ಪಟ್ಟು. ಸಾಲಿನಲ್ಲಿ ಹಳೇ ಮುಖಗಳೇ ಇದ್ದವು, ಚಪ್ಪಾಳೆ ಹೊಡೆದರು, ಶಿಳ್ಳೆ ಹಾಕಿದರು. ಅವಳು ಕಚ್ಚಿದಳು. ಬನ್ನು ಹತ್ತಿಯ ಹಾಗಿತ್ತು. ಮೊಟ್ಟೆ ಚಪ್ಪಲಿಯ ಅಟ್ಟೆಯ ಹಾಗೆ ಹಲ್ಲಿಗೆ ಪುಟಿಯುತ್ತಿತ್ತು. ನುಂಗಿ "ಹ್ಞಾ, ಬನ್ನಿ" ಅಂದಳು, ದನಿ ಏಳಲಿಲ್ಲ.

ಅವತ್ತು ಸಾಲಿನ ಮೊದಲಲ್ಲಿದ್ದವನು ಬೀಗದಣ್ಣ. ಬೀಗ ರಿಪೇರಿ ಮಾಡುವವನು, ಬೆರಳ ತುಂಬ ಎಣ್ಣೆ, ಹತ್ತೊಂಬತ್ತು ವರ್ಷದ ಗಿರಾಕಿ. ಈಗ ಎಂಟು ವರ್ಷದ ಮೊಮ್ಮಗಳನ್ನೂ ಕರೆತರುತ್ತಿದ್ದ. ಬಾಯಿಗಿಟ್ಟುಕೊಂಡು ಅಗಿದ, ಅಗಿದ, ಅಗಿಯುತ್ತಲೇ ಇದ್ದ.

"ತಂಗಿ, ಇದು ನಿನ್ನ ಕೈದಲ್ಲ."

"ಅಲ್ಲಣ್ಣ."

"ಇರಲಿ ಬಿಡು. ನೀನು ತಿಂದಿದೀಯ. ರುಚಿ ಇಲ್ಲದಿದ್ರೂ ವಿಷ ಅಂತೂ ಅಲ್ಲವಲ್ಲ."

ಆ ಮಾತು ಅವಳಿಗೆ ಚುಚ್ಚಿತು. ಸೂಪರ್‌ವೈಸರ್ ಹತ್ತಿರ ಹೋಗಿ, ಒಂದು ಒಲೆ ಕೊಡಿ ಸಾಕು, ನಾನೇ ಮಾಡ್ತೀನಿ ಅಂತ ಗೋಗರೆದಳು. ಅವನು, "ನೋಡೋಣ ಅಮ್ಮ, ಮೇಲೆ ಹೇಳ್ತೀನಿ" ಅಂದ. ಮೇಲೆ ಅಂದರೆ ಎಲ್ಲಿ ಅಂತ ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಮಗಳು ಬಿಟ್ಟುಬಿಡು ಅಂದಳು. ಬಿಟ್ಟರೆ ಮತ್ತೆ ಆ ಕಿಟಕಿ, ಆ ಕೇಕೆ. ಒಳಗಿದ್ದರೆ ಇವತ್ತಲ್ಲ ನಾಳೆ ಒಲೆ ತರಿಸಬಹುದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಐದನೇ ಪಂದ್ಯದ ದಿನ ಪೆಟ್ಟಿಗೆ ತರುವ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಬೆಳಿಗ್ಗೆ ಬರಬೇಕಾದದ್ದು ಆಟ ಶುರುವಾದ ಮೇಲೆ ಬಂತು. ಪೆಟ್ಟಿಗೆ ಎತ್ತಿಕೊಂಡಾಗ ತಣ್ಣಗಿರಬೇಕಾದದ್ದು ಬೆಚ್ಚಗಿತ್ತು. ಪ್ಲಾಸ್ಟಿಕ್ ಉಬ್ಬಿಕೊಂಡು ಅದರ ಮೇಲಿದ್ದ ಅವಳ ಮುಖವೂ ಊದಿಕೊಂಡಿತ್ತು. ಒಂದನ್ನು ಹರಿದು ಮೂಸಿದಳು. ಮೆಲ್ಲಗೆ, ಈರುಳ್ಳಿಯ ಅಡಿಯಲ್ಲಿ ಅಡಗಿಕೊಂಡ ಹಾಗೆ, ಹುಳಿ ವಾಸನೆ.

"ಸರ್, ಇದು ಕೆಟ್ಟಿದೆ."

ಸೂಪರ್‌ವೈಸರ್ ಪ್ಲಾಸ್ಟಿಕ್ ತಿರುಗಿಸಿ ನೋಡಿದ. "ಡೇಟು ಇನ್ನೂ ಎರಡು ದಿನ ಇದೆಯಲ್ಲಮ್ಮ."

"ಡೇಟಿಗೆ ಮೂಗಿದೆಯಾ ಸರ್? ನೀವೇ ಮೂಸಿ ನೋಡಿ."

ಅವನು ಮೂಸಲಿಲ್ಲ. ಗಡಿಯಾರ ನೋಡಿದ. "ಹಾಫ್ ಟೈಮಿಗೆ ನಾಲ್ಕು ನಿಮಿಷ ಇದೆ. ಆರುನೂರು ಬನ್ನು. ವಾಪಸು ಕಳಿಸಿದರೆ ನಾಳೆ ನಾನೂ ಇರಲ್ಲ, ನೀವೂ ಇರಲ್ಲ. ಮೆಷಿನ್ನಿನಲ್ಲಿ ಇನ್ನೊಂದು ನಿಮಿಷ ಜಾಸ್ತಿ ಇಡಿ." ಅಷ್ಟು ಹೇಳಿ ಅಲ್ಲೇ ನಿಂತುಕೊಂಡ.

ಸೀಟಿ ಊದಿತು. ಜನ ನುಗ್ಗಿ ಬಂದರು. ಬೀಗದಣ್ಣ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎಲ್ಲರಿಗಿಂತ ಮುಂದೆ. "ತಂಗಿ, ಮೊದಲು ನೀನು!" ಅಂತ ಕೂಗಿದ. ಹಿಂದಿನ ಸಾಲೂ ಕೂಗಿತು. ಮಗು ಕೈ ತಟ್ಟುತ್ತ, "ತಿನ್ನಜ್ಜಿ, ತಿನ್ನಜ್ಜಿ!" ಅಂತ ಕುಣಿಯಿತು.

ಆ ಹೊತ್ತಿನಲ್ಲಿ ಬನ್ನಮ್ಮ ಏನು ಯೋಚಿಸಿದಳು ಅಂತ ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ನನಗೆ ವಯಸ್ಸಾಯಿತು, ಮೂಗು ಮೊದಲಿನ ಹಾಗಿಲ್ಲವೇನೋ ಅಂದುಕೊಂಡಳು. ಕಿಟಕಿ ನೆನಪಾಯಿತು. ಪಕ್ಕದಲ್ಲಿ ನಿಂತಿದ್ದ ಹುಡುಗನ ಹಣೆಯ ಬೆವರು ಕಂಡಿತು. ಕಚ್ಚಿದಳು. ನಾಲಿಗೆ ಮೊದಲ ತುತ್ತಿಗೇ ಹೇಳಿಬಿಟ್ಟಿತು, ಉಗಿ ಅಂತ. ಇನ್ನೂರು ಜೋಡಿ ಕಣ್ಣು ಅವಳ ಗಂಟಲ ಮೇಲಿತ್ತು. ನುಂಗಿದಳು. ಏಪ್ರನ್ನಿನಲ್ಲಿ ಬಾಯಿ ಒರೆಸಿಕೊಂಡಳು. "ಹ್ಞಾ, ಬನ್ನಿ" ಅಂದಳು. "ಎರಡು ಕೊಡು ತಂಗಿ" ಅಂದ ಬೀಗದಣ್ಣ, ಅವಳು ಎರಡು ಕೊಟ್ಟಳು.

ಮಾರನೇ ದಿನ ಬೆಳಗಾಗುವಷ್ಟರಲ್ಲಿ ಬನ್ನಮ್ಮ ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ವಾಂತಿ, ಭೇದಿ, ಕೈಕಾಲು ತಣ್ಣಗೆ. ಮಗಳು ಡಾಕ್ಟರನ್ನು ಕರೆಸಿ, ಔಷಧಿ ಕುಡಿಸಿ, ಇದ್ದ ರಜೆಯೆಲ್ಲ ಮುಗಿಸಿ ಮೂರನೇ ದಿನ ಡಿಪೋಗೆ ಹೋದಳು. ಅವಳು ಹೋದದ್ದೇ ತಡ, ಸೂಪರ್‌ವೈಸರ್ ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ, ಕಂಕುಳಲ್ಲಿ ಕಾಗದ.

ನಲವತ್ತು ಜನಕ್ಕೆ ಹೊಟ್ಟೆ ಕೆಟ್ಟಿದೆಯಂತೆ. ಕೆಲವರು ಆಸ್ಪತ್ರೆಯಲ್ಲಿದ್ದಾರಂತೆ. ಕಾಗದದಲ್ಲಿ ನಾಲ್ಕೇ ಸಾಲು. 'ಮಾರುವ ಮೊದಲು ಪದ್ಧತಿಯಂತೆ ನಾನೇ ತಿಂದು ನೋಡಿದ್ದೇನೆ. ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.'

ಈ ಸಲ ಬನ್ನಮ್ಮ ಪೂರ್ತಿ ಓದಿದಳು. ಎರಡು ಸಲ ಓದಿದಳು. "ನಾನು ನಿಮಗೆ ಹೇಳಿದ್ನಲ್ಲ ಸರ್, ಕೆಟ್ಟಿದೆ ಅಂತ."

"ಹೇಳಿದ್ರಿ. ಹೇಳಿದ ಮೇಲೂ ತಿಂದ್ರಿ, ತಿಂದ ಮೇಲೂ ಮಾರಿದ್ರಿ." ಅವನು ಜೋರು ಮಾಡಲಿಲ್ಲ, ಮೆಲ್ಲಗೇ ಹೇಳಿದ. "ಕೆಟ್ಟಿದೆ ಅಂತ ಗೊತ್ತಿದ್ದೂ ಕೊಟ್ಟವರು ಯಾರು ಅಂತ ಪೊಲೀಸರು ಕೇಳಿದ್ರೆ ಮೊದಲು ಕೌಂಟರಿನಲ್ಲಿದ್ದವರನ್ನೇ ಕರೀತಾರೆ ಅಮ್ಮ. ಗೊತ್ತಿರಲಿಲ್ಲ ಅಂದ್ರೆ ನಿಮಗೂ ಒಳ್ಳೇದು, ನನಗೂ ಒಳ್ಳೇದು. ನೀವೂ ಮಲಗಿದೀರಲ್ಲ, ಎಲ್ಲರೂ ನಂಬ್ತಾರೆ."

ಅವಳು ಅವನ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಥೂ ಅನ್ನಿಸುತ್ತದಲ್ಲವಾ? ಅವಳಿಗೂ ಅನ್ನಿಸಿತು. ಅವನು ಹೋದ ಮೇಲೆ ಹಣ್ಣಿನ ಬುಟ್ಟಿಯನ್ನು ಬಾಗಿಲಾಚೆ ಇಟ್ಟು, ಗೋಡೆ ಕಡೆ ತಿರುಗಿ ಮಲಗಿದಳು.

ಅದರ ಮಾರನೇ ಸಂಜೆ ಬೀಗದಣ್ಣ ಬಂದ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದು ಪೊಟ್ಟಣ ಬ್ರೆಡ್ಡು ಅವಳ ತಲೆದಿಂಬಿನ ಹತ್ತಿರ ಇಟ್ಟ.

"ಮಗು ಹೇಗಿದೆ ಅಣ್ಣ?"

"ನಾಲ್ಕು ದಿನದಿಂದ ಡ್ರಿಪ್ಪು. ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತಾರೆ. ಉಳೀತಾಳಂತೆ, ಮೊದಲಿನ ಹಾಗೆ ಆಗ್ತಾಳೋ ಇಲ್ವೋ ಹೇಳಕ್ಕಾಗಲ್ಲ ಅಂತಾರೆ." ಅವನು ಎಣ್ಣೆ ಹತ್ತಿದ ಬೆರಳುಗಳನ್ನು ನೋಡಿಕೊಂಡ. "ನಿನ್ನನ್ನು ಬೈತಿದ್ರು ಅಲ್ಲಿ ಕೆಲವರು. ನಾನು ಜಗಳಕ್ಕೇ ಹೋದೆ. ಪಾಪದ ಹೆಂಗಸು, ನಮಗಿಂತ ಮುಂಚೆ ಅವಳೇ ತಿಂದಳು, ಅವಳೂ ಸಾಯೋ ಹಾಗೆ ಬಿದ್ದಿದಾಳೆ, ಅವಳಿಗೇನು ಗೊತ್ತಿತ್ತು ಅಂದೆ. ಸರಿ ತಾನೇ ತಂಗಿ?"

ಸರಿ ಅಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಅವನು ಬ್ರೆಡ್ಡು ತಿನ್ನು ಅಂತ ಹೇಳಿ ಎದ್ದು ಹೋಗುತ್ತಿದ್ದ. ಬನ್ನಮ್ಮ ಬಾಗಿಲಾಚೆ ಅಡುಗೆಮನೆಯ ಮೊಳೆಗೆ ಮತ್ತೆ ಸೇರಿದ್ದ ಕಾವಲಿಯ ಕಡೆ ನೋಡಿದಳು.

"ಗೊತ್ತಿತ್ತಣ್ಣ."

"ಏನು?"

"ಮೂಗಿಗೂ ಗೊತ್ತಾಗಿತ್ತು, ನಾಲಿಗೆಗೂ ಗೊತ್ತಾಗಿತ್ತು. ಗೊತ್ತಿದ್ದೇ ನುಂಗಿದೆ. ಗೊತ್ತಿದ್ದೇ ನಿನಗೆ ಎರಡು ಕೊಟ್ಟೆ."

ಬೀಗದಣ್ಣ ಬೈದಿದ್ದರೆ ಚೆನ್ನಾಗಿತ್ತು, ಕೆನ್ನೆಗೆ ಹೊಡೆದಿದ್ದರೂ ಚೆನ್ನಾಗಿತ್ತು. ಅವನು, "ಇದನ್ನ ಬರೆದುಕೊಡ್ತೀಯಾ? ಕಂಪನಿ ನಮ್ಮದು ತಪ್ಪೇ ಇಲ್ಲ ಅಂತಿದೆ" ಅಂದ.

"ನಿನ್ನೆ ಬಂದಿದ್ರು. ಏನೂ ಗೊತ್ತಾಗಲಿಲ್ಲ ಅಂತ ಬರೆದುಕೊಟ್ಟುಬಿಟ್ಟೆ."

ಅವನು ಎದ್ದ. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡದೇ ಹೇಳಿದ: "ಮಗು ದಿನಾ ಕೇಳ್ತಾಳೆ, ಬನ್ನಜ್ಜಿಗೂ ಹೊಟ್ಟೆನೋವಾ ತಾತ, ಪಾಪ ಅಲ್ವಾ ಅಂತ. ನಾನೇನು ಹೇಳಲಿ?"

ಕಾಲಲ್ಲಿ ಶಕ್ತಿ ಬಂದ ದಿನವೇ ಬನ್ನಮ್ಮ ಕಂಪನಿಯ ಆಫೀಸಿಗೆ ಹೋದಳು. ಮಗಳೂ ರಜೆ ಹಾಕಿ ಜೊತೆಗೆ ಬಂದಳು. ನಾನು ಬರೆದದ್ದು ಸುಳ್ಳು, ಕಾಗದ ವಾಪಸು ಕೊಡಿ ಅಂದಳು. ಸೂಪರ್‌ವೈಸರ್ ಇರಲಿಲ್ಲ, ಅವನನ್ನು ಬೇರೆ ಊರಿಗೆ ಹಾಕಿದ್ದರು. ಮೇಜಿನಾಚೆ ಕೂತಿದ್ದ ಹೆಂಗಸು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. "ನೀವು ತಿಂದಿದ್ದನ್ನ ಇನ್ನೂರು ಜನ ನೋಡಿದಾರೆ ಅಮ್ಮ. ಕೆಟ್ಟಿದೆ ಅಂತ ಗೊತ್ತಿದ್ದೂ ಯಾರಾದ್ರೂ ತಿಂತಾರಾ? ಯಾರು ನಂಬ್ತಾರೆ?" ಪೊಲೀಸ್ ಠಾಣೆಯಲ್ಲೂ ಅದೇ ಮಾತು. ಅಲ್ಲಿ ನೀರು ಕೊಡಲಿಲ್ಲ. ಇಪ್ಪತ್ತೈದು ವರ್ಷ ಅವಳ ಬಾಯಿ ತಿಂದು ಹೇಳಿದ್ದನ್ನೆಲ್ಲ ಜನ ನಂಬಿದ್ದರು. ಈಗ ಅದೇ ಬಾಯಿ ಮಾತಾಡಿ ಹೇಳಿದರೆ ನಂಬುವವರೇ ಇಲ್ಲ.

ಮುಂದಿನ ಪಂದ್ಯಕ್ಕೆ ಬನ್ನಮ್ಮ ಟಿಕೆಟ್ ತೆಗೆದುಕೊಂಡಳು. ಜೀವಮಾನದಲ್ಲಿ ಮೊದಲನೇ ಸಲ. ಆಟ ನೋಡಲಿಲ್ಲ. ಹಾಫ್ ಟೈಮಿಗೆ ಮೊದಲೇ ಮೂರನೇ ಕೌಂಟರಿನ ಮುಂದೆ ನಿಂತಳು. ಬೋರ್ಡಿನ ಮೇಲೆ ಅವಳದೇ ಮುಖ, ಮೊದಲಿಗಿಂತ ದೊಡ್ಡದು. ಕೆಳಗೆ ಅವಳದೇ ಏಪ್ರನ್ನು ಕಟ್ಟಿಕೊಂಡು ಮೂವತ್ತರ ಆಸುಪಾಸಿನ ಇನ್ನೊಬ್ಬಳು. ಬೀಗದಣ್ಣ ಎಲ್ಲೂ ಕಾಣಲಿಲ್ಲ. ಸೀಟಿ ಊದಿ ಜನ ನುಗ್ಗಿದಾಗ ಬನ್ನಮ್ಮ ಸಾಲಿಗೆ ಅಡ್ಡ ನಿಂತು, "ತಿನ್ನಬೇಡ್ರಪ್ಪ! ನಾನು ಸುಳ್ಳು ತಿಂದೆ! ಗೊತ್ತಿದ್ದೂ ತಿಂದೆ!" ಅಂತ ಕೂಗಿದಳು.

ಕೆಲವರು ತಲೆ ತಗ್ಗಿಸಿದರು. ಒಬ್ಬ ಹಳೇ ಗಿರಾಕಿ ಅವಳ ಭುಜ ಮುಟ್ಟಿ ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಚೆನ್ನಾಗಿಲ್ಲ ಅಂತ ಎಲ್ಲರಿಗೂ ಗೊತ್ತು ಬನ್ನಮ್ಮ. ದುಡ್ಡು ಸುಲೀತಾರೆ ಅಂತಾನೂ ಗೊತ್ತು. ಒಳಗೆ ಬೇರೆ ಏನು ಸಿಗುತ್ತೆ ಹೇಳು? ಮಕ್ಕಳು ಹಸಿವು ಅಂತಾವೆ. ಹದಿನೈದೇ ನಿಮಿಷ ಇರೋದು, ದಾರಿ ಬಿಡಮ್ಮ."

ಸಾಲು ಅವಳನ್ನು ತಳ್ಳಿಕೊಂಡೇ ಮುಂದೆ ಹೋಯಿತು, ತಳ್ಳುತ್ತ ತಳ್ಳುತ್ತ ಕೌಂಟರಿನ ಮುಂದೆಯೇ ತಂದು ನಿಲ್ಲಿಸಿತು. ಹೊಸಬಳು ಆಗಷ್ಟೇ ಮೊದಲನೇ ಬನ್ನಿನ ಪ್ಲಾಸ್ಟಿಕ್ ಹರಿದಿದ್ದಳು. ಬನ್ನಮ್ಮ ಕೌಂಟರಿನ ಮೇಲೆ ಬಾಗಿ ಅವಳ ಕೈ ಹಿಡಿದುಕೊಂಡಳು.

"ಮಗಳೇ, ಒಂದು ಮಾತು ಕೇಳು. ಕಚ್ಚೋಕೆ ಮುಂಚೆ ಮೂಸಿ ನೋಡು. ಹುಳಿ ವಾಸನೆ ಬಂದ್ರೆ ಎಲ್ಲರ ಮುಂದೇನೇ ಕಸಕ್ಕೆ ಹಾಕು. ಕೆಲಸ ಹೋದ್ರೆ ಹೋಗಲಿ. ನನ್ನ ಹಾಗಾಗಬೇಡ."

ಹೊಸಬಳು ಬೋರ್ಡಿನ ಮುಖ ನೋಡಿದಳು, ಇವಳ ಮುಖ ನೋಡಿದಳು. ಗುರುತು ಸಿಕ್ಕಿತು. ಅಕ್ಕಪಕ್ಕ ಕಣ್ಣಾಡಿಸಿ, ಕಿವಿಯ ಹತ್ತಿರ ಬಗ್ಗಿದಳು.

"ನನಗೆ ಮೂಸಿದ್ರೆ ಏನೂ ಗೊತ್ತಾಗಲ್ಲ ಅಕ್ಕ. ಎರಡು ವರ್ಷದ ಹಿಂದೆ ಜ್ವರ ಬಂದಾಗಿನಿಂದ ವಾಸನೆನೂ ಇಲ್ಲ, ರುಚಿನೂ ಇಲ್ಲ. ಇಂಟರ್‌ವ್ಯೂನಲ್ಲಿ ಹೆದರಿಕೊಂಡೇ ಹೇಳಿದೆ. ಅದನ್ನ ಕೇಳಿದ ಮೇಲೇ ನನ್ನ ತಗೊಂಡಿದ್ದು."

ಹಿಂದಿನಿಂದ ಯಾರೋ "ಮೊದಲು ನೀನು!" ಅಂತ ಕೂಗಿದರು. ಹೊಸಬಳು ಕೈ ಬಿಡಿಸಿಕೊಂಡು ದೊಡ್ಡ ತುತ್ತು ಕಚ್ಚಿದಳು, ಅಗಿದಳು, ನುಂಗಿದಳು, ಏಪ್ರನ್ನಿನಲ್ಲಿ ಬಾಯಿ ಒರೆಸಿಕೊಂಡಳು. ಸಾಲು ಚಪ್ಪಾಳೆ ತಟ್ಟಿತು. ಆಮೇಲೆ ಅವಳು ಬನ್ನಮ್ಮನನ್ನು ನೋಡಿ, "ನಿಮಗೆಷ್ಟು ಕೊಡಲಿ ಅಕ್ಕ?" ಅಂತ ಕೇಳಿದಳು.